ಹಿರಿಕೆರೆ ಫೋಲ್ಡರ್

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 9

ಇವತ್ತು 41 ಸೆಕೆಂಡು. ಕಳೆದ ಸೋಮವಾರ 44 ಇತ್ತು. ಜೂನಿನಲ್ಲಿ 70.

ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಲಕ್ಕಯ್ಯ ಇಪ್ಪತ್ತು ಲೀಟರಿನ ಕ್ಯಾನು ಹಿಡಿಯುತ್ತಾರೆ, ನಾನು ಫೋನಿನಲ್ಲಿ ಟೈಮ್ ನೋಡುತ್ತೇನೆ. ನಮ್ಮೂರ ಕೆರೆ ಏರಿಯ ಬುಡದಲ್ಲಿ ಜಿನುಗುವ ನೀರಿಗೆ ಒಂದು ಪೈಪು ಕೂರಿಸಿದ್ದೇವೆ. ಕ್ಯಾನು ಬೇಗ ತುಂಬಿತು ಅಂದರೆ ಜಿನುಗು ಜಾಸ್ತಿಯಾಯಿತು ಅಂತ. ನೀರು ಮಾತ್ರ ತಿಳಿ ಇದೆ.

"ತಿಳಿ ಇರಾಗಂಟ ಭಯ ಇಲ್ಲ ತಾಯಿ. ಬಗ್ಗಡ ಬಂದ್ರೆ ಏರಿ ಒಳ್ಗಿನ ಮಣ್ಣು ಕೊಚ್ಕಂಡ್ ಬತ್ತಾ ಅದೆ ಅಂತ ತಿಳ್ಕಳಿ."

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಸೇವ್ ಆಗಲಿಲ್ಲ. ಸ್ಕ್ರೀನಿನ ಮೇಲೆ ಒಂದು ಡಬ್ಬಿ ಬಂತು — ಈ ಜಾಗದಲ್ಲಿ ಸೇವ್ ಮಾಡಲು ನಿಮಗೆ ಪರ್ಮಿಷನ್ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ. ಮೂರು ಸಲ ಒತ್ತಿದೆ. ಮೂರು ಸಲವೂ ಅದೇ. ಫೋನಿನಿಂದ ಫೋಟೋ ಹಾಕಲು ಹೋದರೂ ಅದೇ. ನಮ್ಮ ಮನೆ, ನಮ್ಮ ಕಂಪ್ಯೂಟರು, 'ಹಿರಿಕೆರೆ' ಅಂತ ಹೆಸರಿಟ್ಟು ನಾನೇ ಮಾಡಿದ ಫೋಲ್ಡರು. ಯಾರನ್ನು ಕೇಳುವುದು?

ಕೆರೆ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ಒಬ್ಬ ಹೆಂಗಸು ಇರಲೇಬೇಕು ಅನ್ನುವ ರೂಲ್ಸಿಗೆ. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು, ಬರೆಯಲು ಬರುತ್ತದೆ, ಕರೆದಾಗ ಬಂದು ಸಹಿ ಹಾಕಿದರೆ ಸಾಕು ಅಂದಿದ್ದರು. ಬರೆಯಲು ಬರುವವಳು ಬರೆಯಲೂಬಹುದು ಅಂತ ಯಾರೂ ಯೋಚಿಸಿರಲಿಲ್ಲ.

ಲೈಬ್ರರಿ ಬಾಗಿಲು ತೆಗೆಯಲು ಹೊತ್ತಾಯಿತು.

ಸೆಪ್ಟೆಂಬರ್ 11, ಬುಧವಾರ

ಮಗಳು ನಿಧಿ ಫೋನ್ ಮಾಡಿದ್ದಳು, ಹಾಸನದ ಹಾಸ್ಟೆಲಿನಿಂದ. ಈ ಕಂಪ್ಯೂಟರು ಬಂದದ್ದೇ ಅವಳಿಗಾಗಿ, ಲಾಕ್‌ಡೌನಿನಲ್ಲಿ, ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ. ಈಗ ಪಿಯುಸಿ. ಅವಳು ಹೇಳಿದಂತೆ ಮಾಡಿದೆ.

ಆಫ್ ಮಾಡಿ ಆನ್ ಮಾಡಿದೆ. ಆಗಲಿಲ್ಲ. ಡ್ರೈವು ತುಂಬಿದೆಯೇ ನೋಡಿದೆ, ಅರ್ಧ ಖಾಲಿ. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ರೀಡ್ ಓನ್ಲಿ ಅಂತ ಟಿಕ್ ಇತ್ತು, ತೆಗೆಯಲು ಹೋದರೆ ಅದಕ್ಕೂ ಪರ್ಮಿಷನ್ ಇಲ್ಲ.

"ಅಮ್ಮ, ನಿನ್ನ ಅಕೌಂಟು ಸ್ಟ್ಯಾಂಡರ್ಡ್ ಅಂತಿದೆಯಾ?"

ಹೌದು. ಹಿಂದೆ ಹೀಗಿರಲಿಲ್ಲ. ಆನ್ ಮಾಡಿದರೆ ಸೀದಾ ಓಪನ್ ಆಗುತ್ತಿತ್ತು. ಹೋದ ವಾರ ಸ್ಲೋ ಆಗಿದೆ ಅಂತ ನಮ್ಮ ಮನೆಯವರು, ಇವರೇ, ಹೊಳೆನರಸೀಪುರಕ್ಕೆ ಒಯ್ದು ಸರ್ವಿಸ್ ಮಾಡಿಸಿ ತಂದರು. ಅಲ್ಲಿಂದ ಎರಡು ಹೆಸರು ಬರುತ್ತಿವೆ. ಒಂದು ಮಾನಸಾ, ನನ್ನದು. ಒಂದು ಕಾಂತರಾಜು, ಇವರದು.

"ಅಪ್ಪನ ಕೇಳು, ಪಾಸ್‌ವರ್ಡ್ ಹಾಕಿ ಕೊಡ್ತಾರೆ," ಅಂದಳು. ಅಲ್ಲಿಯವರೆಗೆ ಡಾಕ್ಯುಮೆಂಟ್ಸಿನಲ್ಲಿ ಇಟ್ಟುಕೋ ಅಂದಳು. ಹಳೆಯ ಫೈಲು ಓಪನ್ ಆಗುತ್ತದೆ, ತಿದ್ದಲು ಬಿಡುವುದಿಲ್ಲ ಅಷ್ಟೆ. ಕಾಪಿ ಮಾಡಿ ಅಲ್ಲಿಟ್ಟೆ. ಸೇವ್ ಆಯಿತು. ದೊಡ್ಡ ಕೆಲಸ ಮಾಡಿದ ಹಾಗೆ ಕಾಫಿ ಮಾಡಿಕೊಂಡು ಕುಡಿದೆ.

ಸಂಜೆ ಇವರನ್ನು ಕೇಳಿದೆ. "ವೈರಸ್ ಇರ್ಬೇಕು ಕಣೆ. ಬಿಡು, ಇನ್ನೊಂದ್ಸಲ ತೋರ್ಸಣ." ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಸುಸ್ತು ಪಾಪ. ಇವರ ಜೆಸಿಬಿ ಎರಡು ತಿಂಗಳಿಂದ ಅರಕಲಗೂಡಿನ ಹತ್ತಿರ ಯಾವುದೋ ಲೇಔಟ್ ಕೆಲಸದಲ್ಲಿದೆ. ಬೆಳಿಗ್ಗೆ ಐದೂವರೆಗೇ ಬೈಕ್ ಹತ್ತುತ್ತಾರೆ.

ಸೆಪ್ಟೆಂಬರ್ 17, ಮಂಗಳವಾರ

ನಿನ್ನೆ 38 ಸೆಕೆಂಡು.

ಇವತ್ತು ಲೈಬ್ರರಿಗೆ ರಜೆ ಹಾಕಿ ಹೊಳೆನರಸೀಪುರಕ್ಕೆ ಹೋಗಿದ್ದೆ, ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರನ್ನು ಕಾಣಲು. ಎರಡು ಗಂಟೆ ಕಾದೆ. ಚನ್ನರಾಯಪಟ್ಟಣದ ಚಾರ್ಜೂ ಅವರಿಗೇ ಇದೆಯಂತೆ, ಅರ್ಧ ದಿನ ಅಲ್ಲಿ ಅರ್ಧ ದಿನ ಇಲ್ಲಿ. ವಯಸ್ಸು ಚಿಕ್ಕದು. ಕೂರಿಸಿ ಕೇಳಿಸಿಕೊಂಡರು.

ಏರಿಯ ಹಿಂದೆ, ಹೊಂಗೆ ಮರಗಳ ಮರೆಯಲ್ಲಿ, ಗುತ್ತಿಗೆದಾರ ಕೀರ್ತಿರಾಜ್ ರಸ್ತೆ ಕೆಲಸಕ್ಕೆ ಮಣ್ಣು ತೆಗೆಸುತ್ತಿದ್ದಾನೆ. ಜಮೀನು ಅವನದೇ, ಹಾಗಾಗಿ ಊರಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ಗುಂಡಿ ಬೆಳೆದು ಬೆಳೆದು ಏರಿಯ ಬುಡಕ್ಕೆ ಬಂದಿದೆ. ಹತ್ತಿರ ಹೋಗಲು ಕಾವಲಿನವನು ಬಿಡುವುದಿಲ್ಲ. ನಾನು ಏರಿ ಮೇಲೆ ನಿಂತು ದೂರದಿಂದ ಫೋಟೋ ತೆಗೆಯುತ್ತೇನೆ. ಇದನ್ನೆಲ್ಲ ಹೇಳಿದೆ. ಏರಿ ಕೆಳಗೆ ಹದಿನಾಲ್ಕು ಮನೆಗಳ ಬೀದಿ ಇದೆ ಅಂತಲೂ ಹೇಳಿದೆ.

"ಬಾಯಲ್ಲಿ ಹೇಳಿದ್ರೆ ನಾನು ಕೆಲಸ ನಿಲ್ಲಿಸೋಕಾಗಲ್ಲ ಮೇಡಂ. ಜೂನಿಂದ ಅಳತೆ ಇದೆ ಅಂತೀರಲ್ಲ, ಡೇಟ್ ಪ್ರಕಾರ ಶೀಟ್ ಕೊಡಿ, ಫೋಟೋ ಕೊಡಿ. ಅದಿದ್ರೆ ನಾನೇ ಬಂದು ನಿಂತ್ಕೊಳ್ತೀನಿ."

ಎಲ್ಲ ಇದೆ ಸಾರ್, ಮುಂದಿನ ವಾರ ತರುತ್ತೇನೆ ಅಂದೆ.

ಸೆಪ್ಟೆಂಬರ್ 22, ಭಾನುವಾರ

ಕೀರ್ತಿರಾಜ್ ಮನೆಗೆ ಬಂದಿದ್ದ. ಒಂದು ಗೊನೆ ಏಲಕ್ಕಿ ಬಾಳೆ ತಂದಿದ್ದ. ಅತ್ತೆಯ ಕಾಲಿಗೆ ಬಿದ್ದ. ಅತ್ತೆ ಶಿವಗಂಗಮ್ಮನವರಿಗೆ ಕಾಲಿಗೆ ಬೀಳುವವರನ್ನು ಕಂಡರೆ ಸಾಕು.

"ಅಕ್ಕ, ನೀವು ಇಂಜಿನಿಯರ್ ತಾವ ಓಗಿದ್ರಂತೆ. ಒಳ್ಳೇದು. ಊರ್ ಮ್ಯಾಲೆ ಕಾಳಜಿ ಇರೋರು ಯಾರವ್ರೆ ಈಗ." ಕಾಫಿ ಕುಡಿದ. "ಆದ್ರೆ ಅಕ್ಕ, ಈ ಕಂಪ್ಯೂಟ್ರು ಗಿಂಪ್ಯೂಟ್ರು ಅಂತ ಕಣ್ಣು ಯಾಕ್ ಆಳ್ ಮಾಡ್ಕತೀರಿ. ಮಗ್ಳು ಆಸ್ಟೆಲ್ನಾಗವ್ಳೆ, ಒಬ್ಳೇ ಓಡಾಡ್ತಾಳೆ. ಅವ್ಳ ಕಡೆ ಗ್ಯಾನ ಇರ್ಲಿ."

ನಗುತ್ತಲೇ ಹೇಳಿದ. ಇವರು ಗೋಡೆ ನೋಡುತ್ತಿದ್ದರು. ಅವನು ಹೋದ ಮೇಲೂ ನೋಡುತ್ತಿದ್ದರು.

ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಅಂತ ಇಂಜಿನಿಯರಿಗೂ ಹೇಳಿರಲಿಲ್ಲ. ಇವನಿಗೆ ಹೇಗೆ ಗೊತ್ತು?

ಸೆಪ್ಟೆಂಬರ್ 24, ಮಂಗಳವಾರ

ನಿನ್ನೆ 35.

ಡಾಕ್ಯುಮೆಂಟ್ಸಿನಲ್ಲಿ ಇಟ್ಟ ಕಾಪಿ ಇಲ್ಲ. ಹುಡುಕಿದೆ. ಹೆಸರು ಬರೆದು ಸರ್ಚ್ ಮಾಡಿದೆ. ರೀಸೈಕಲ್ ಬಿನ್ ನೋಡಿದೆ, ಖಾಲಿ. ನಾನೇ ಏನಾದರೂ ತಪ್ಪು ಒತ್ತಿದೆನಾ... ಒತ್ತಿಲ್ಲ. ಒತ್ತಿದ್ದರೆ ಬಿನ್ನಿನಲ್ಲಿ ಇರಬೇಕಿತ್ತು.

ಮೊದಲಿನ ಫೋಲ್ಡರು ಹಾಗೇ ಇದೆ, ನೋಡಬಹುದು, ಮುಟ್ಟುವಂತಿಲ್ಲ. ಅದರ ಶೀಟು ಸೆಪ್ಟೆಂಬರ್ 2ಕ್ಕೇ ನಿಂತಿದೆ. ಫೋಟೋ ಒಂದೊಂದೇ ನೋಡಿದೆ. ಆಗಸ್ಟ್ 30ರಂದು ಹನ್ನೊಂದು ತೆಗೆದಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಹನ್ನೊಂದು ಅಂತ. ಎಂಟಿವೆ. ಫೋನಿನಲ್ಲೂ ಇಲ್ಲ, ಜಾಗ ಸಾಲದೆ ಕಟ್ ಮಾಡಿ ಇಲ್ಲಿಗೆ ಹಾಕಿದ್ದೆ.

ಮನೆಯಲ್ಲಿ ಮೂವರೇ ಇರುವುದು. ಅತ್ತೆಗೆ ಟಿವಿ ರಿಮೋಟೇ ಬರುವುದಿಲ್ಲ.

ಸೆಪ್ಟೆಂಬರ್ 28, ಶನಿವಾರ. ಮಧ್ಯಾಹ್ನ

ಲೈಬ್ರರಿಯಿಂದ ಊಟಕ್ಕೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಸಿಪಿಯು ಮೇಲೆ ಸರ್ವಿಸ್ ಅಂಗಡಿಯ ಸ್ಟಿಕರ್ ಇದೆ, ಪರಮೇಶ್ ಅಂತ ಹೆಸರು, ನಂಬರು. ಫೋನ್ ಮಾಡಿದೆ. ಸೇವ್ ಆಗ್ತಿಲ್ಲ, ವೈರಸ್ ಅಂತಿದ್ದಾರೆ ಅಂದೆ.

"ವೈರಸ್ ಹಿಂಗ್ ಮಾಡಲ್ಲ ಮೇಡಂ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ. ಪ್ರಾಪರ್ಟೀಸ್. ಮೇಲ್ಗಡೆ ಸೆಕ್ಯುರಿಟಿ ಅಂತಿರುತ್ತೆ. ನಿಮ್ಮ ಹೆಸರು ಒತ್ತಿ. ಕೆಳಗೆ ಏನೇನಿದೆ ಓದಿ."

ಓದಿದೆ. ಎರಡು ಸಾಲು. ಒಂದರ ಮೇಲೆ ಅಲೋ, ಇನ್ನೊಂದರ ಮೇಲೆ ಡಿನೈ. ಮಾನಸಾ ಹೆಸರಿನ ಮುಂದೆ, ರೈಟ್, ಅಂದರೆ ಬರೆಯುವುದು, ಅನ್ನುವ ಕಡೆ, ಡಿನೈ ಕೆಳಗೆ ಟಿಕ್ ಇತ್ತು.

"ಡಿನೈ ತಾನಾಗೇ ಬೀಳಲ್ಲ ಮೇಡಂ," ಅಂದರು ಪರಮೇಶ್. "ಅದನ್ನ ಯಾರಾದ್ರೂ ಕೈಯಾರೆ ಹಾಕ್ಬೇಕು."

"ಯಾರು ಹಾಕಿರೋದು?"

 ಅಂಗಡಿಯಲ್ಲಿ ಯಾರೋ ಪ್ರಿಂಟ್ ತೆಗೆಯುವ ಸದ್ದು ಕೇಳುತ್ತಿತ್ತು.

"ಓನರ್ ಅಂತ ಒಂದು ಹೆಸರಿರುತ್ತೆ, ಅಡ್ವಾನ್ಸ್ಡ್ ಒಳಗೆ. ನೋಡ್ಕೊಳಿ ಮೇಡಂ. ನನಗೆ ಗಿರಾಕಿ ಇದಾರೆ."

ನೋಡಿದೆ. ಓನರ್: ಕಾಂತರಾಜು.

ಅನ್ನ ಬಡಿಸಿಕೊಂಡಿದ್ದೆ. ಹಾಗೇ ಮುಚ್ಚಿಟ್ಟು ಲೈಬ್ರರಿಗೆ ಹೋದೆ.

ಅಕ್ಟೋಬರ್ 7, ಸೋಮವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನಿಸುತ್ತಿತ್ತು.

ಕೇಳಲೂ ಇಲ್ಲ. ಕೇಳಲು ಬಾಯಿ ತೆಗೆದಾಗಲೆಲ್ಲ ಇವರು ಎದ್ದು ಹೋಗುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರು ನನ್ನ ಹೆಸರಿನ ಮುಂದೆ ಒಂದು ಟಿಕ್ ಹಾಕಿ, ದಿನಾ ನನ್ನ ಕೈಯಿಂದ ಊಟ ಬಡಿಸಿಕೊಂಡು ಉಣ್ಣುತ್ತಿದ್ದಾರೆ. ಕೀರ್ತಿರಾಜನಿಗೆ ಹೆದರಿದ್ದಾರೆ, ನಿಧಿಯ ಬಗೆಗಿನ ಭಯಕ್ಕೆ ಹೀಗೆ ಮಾಡಿದ್ದಾರೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹಾಗೇ ಇರಲಿ.

ನೋಟ್‌ಬುಕ್ ನೋಡಿ ಶೀಟು ಮತ್ತೆ ಮೊದಲಿನಿಂದ ಟೈಪ್ ಮಾಡೋಣ ಅಂತ ಕೂತೆ. ಕೀಬೋರ್ಡೇ ಇಲ್ಲ. ವೈರು ಇಲಿ ಕಡಿದಿತ್ತು, ಬಿಸಾಡಿದರು ಅಂತ ಅತ್ತೆ ಹೇಳಿದರು.

"ಗಂಡಸ್ರ ವ್ಯವಾರ ಕಣಮ್ಮ ಅದು. ನಿಂಗ್ಯಾಕೆ."

ಯಾವ ವ್ಯವಹಾರ ಅತ್ತೆ ಅಂದೆ. ಬತ್ತಿ ಹೊಸೆಯುತ್ತಿದ್ದವರು ಇನ್ನೊಂದು ಬತ್ತಿ ಹೊಸೆದರು.

ಬೆಳಿಗ್ಗೆ 27 ಸೆಕೆಂಡು. ಕೆರೆ ಕೋಡಿಗೆ ಒಂದೂವರೆ ಅಡಿ ಇದೆ.

ಅಕ್ಟೋಬರ್ 11, ಶುಕ್ರವಾರ. ಆಯುಧಪೂಜೆ

ನಿಧಿ ದಸರಾ ರಜೆಗೆ ಬಂದಿದ್ದಾಳೆ. ಬೈಕು, ಹೊಲಿಗೆ ಮಿಷನ್ನು, ಕುಡುಗೋಲು ಎಲ್ಲಕ್ಕೂ ಕುಂಬಳಕಾಯಿ ಒಡೆದಾಯಿತು. ಜೆಸಿಬಿ ಬರಲಿಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ ಮನೆ ಮುಂದೆಯೇ ನಿಲ್ಲಿಸಿ ಬಾಳೆಕಂಬ ಕಟ್ಟಿದ್ದೆವು.

"ಅಪ್ಪ, ನನ್ನ ಗಾಡಿ ಎಲ್ಲಿ?" ಅಂತ ನಿಧಿ ಕೇಳಿದಳು. ಜೆಸಿಬಿ ತಂದ ದಿನ ಅದರ ಕೈ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಅವಳ ಹೆಸರು ಬರೆಸಿದ್ದರು.

"ಅರಕಲಗೂಡಲ್ಲೇ ಪೂಜೆ ಮಾಡ್ಸ್ಬುಟ್ಟೆ ಕಣ್ಮಗ. ಅಷ್ಟು ದೂರದಿಂದ ತರಾಕಾಗಲ್ಲ."

ಮುರಿದ ಕಡುಬನ್ನು ಹಾಗೇ ತಟ್ಟೆಯಲ್ಲಿಟ್ಟು ಕೈ ತೊಳೆಯಲು ಎದ್ದರು.

ಅಕ್ಟೋಬರ್ 13, ಭಾನುವಾರ. ಬೆಳಿಗ್ಗೆ 11

 ಕ್ರಮವಾಗಿ ಬರೆಯುತ್ತೇನೆ.

ನಿಧಿ ಹಾಸ್ಟೆಲಿನಿಂದ ತನ್ನ ಕೀಬೋರ್ಡ್ ತಂದಿದ್ದಳು. ಇವರು ಆರಕ್ಕೇ ಹೋದರು. ಅತ್ತೆ ದೇವಸ್ಥಾನಕ್ಕೆ ಹೋದರು. ಪರಮೇಶ್‌ಗೆ ಮತ್ತೆ ಫೋನ್ ಮಾಡಿದೆ. ಈ ಸಲ ಬೇರೇನೂ ಕೇಳಲಿಲ್ಲ. "ನಮ್ಮೂರ ಪಕ್ಕದ ಊರಿನವರೇ ಅಲ್ವಾ ನೀವು. ಏರಿ ಕೆಳಗೆ ಹದಿನಾಲ್ಕು ಮನೆ ಇದೆ ಪರಮೇಶ್," ಅಂದೆ ಅಷ್ಟೆ.

ಆಗ ಬಾಯಿಬಿಟ್ಟರು: "ನಿಮ್ಮ ಯಜಮಾನ್ರು ಹೇಳಿದ್ರು ಅಂತ ನಾನು ಹಾಕ್ಕೊಟ್ಟೆ ಮೇಡಂ. ಮಗಳು ಓದೋ ಫೈಲು, ಹೆಂಡತಿ ಅಳಿಸಿಬಿಡ್ತಾಳೆ ಅಂದ್ರು ನಿಮ್ಮವರು. ಪಾಸ್‌ವರ್ಡ್ ಬದಲಾಯಿಸ್ಕೊಳಿ ಅಂದಿದ್ದೆ. ಬದಲಾಯಿಸಿರಲ್ಲ. ನಾವು ಎಲ್ಲರಿಗೂ ಒಂದೇ ಇಡೋದು." ಆ ಪಾಸ್‌ವರ್ಡ್ ಹೇಳಿದರು.

ಕಾಂತರಾಜು ಅನ್ನುವ ಹೆಸರಿನ ಮೇಲೆ ಒತ್ತಿ ಅದನ್ನು ಹಾಕಿದೆವು. ಓಪನ್ ಆಯಿತು.

ನಿಧಿಯೇ ಮಾಡಿದಳು. ಫೋಲ್ಡರು, ಪ್ರಾಪರ್ಟೀಸ್, ಸೆಕ್ಯುರಿಟಿ, ಎಡಿಟ್. ಡಿನೈ ಕೆಳಗಿನ ಟಿಕ್ ತೆಗೆದಳು. ಅಡ್ವಾನ್ಸ್ಡ್ ಒಳಗೆ ಹೋಗಿ ಓನರ್ ಬದಲಾಯಿಸಿ ನನ್ನ ಹೆಸರು ಹಾಕಿದಳು. ಒಳಗಿನ ಫೈಲುಗಳಿಗೂ ಅನ್ವಯಿಸು ಅಂತ ಒಂದು ಟಿಕ್. ಫುಲ್ ಕಂಟ್ರೋಲ್ ಅಂತ ಇನ್ನೊಂದು. "ಇಷ್ಟೇ ಅಮ್ಮ. ಈಗ ನೀನೇ ಓನರ್."

ಹೊರಗೆ ಬರುವ ಮೊದಲು ಅವಳೇ ಅಂದಳು, "ರೀಸೈಕಲ್ ಬಿನ್ ಒಬ್ಬೊಬ್ಬರ ಅಕೌಂಟಿಗೆ ಬೇರೆ ಬೇರೆ ಇರುತ್ತೆ. ಅಪ್ಪಂದು ನೋಡ್ಲಾ?"

ಮೂರು ಫೋಟೋ ಇದ್ದವು. ಡಾಕ್ಯುಮೆಂಟ್ಸಿನ ನನ್ನ ಕಾಪಿಯೂ ಇತ್ತು. ರಿಸ್ಟೋರ್ ಒತ್ತಿದಳು.

ಆಗಸ್ಟ್ 30ರ ಫೋಟೋಗಳು. ಹೊಂಗೆ ಎಲೆಗಳ ಸಂದಿ, ಕೆಂಪು ಮಣ್ಣಿನ ಗುಂಡಿ, ಒಂದು ಹಳದಿ ಮಿಷನ್ನು. ಫೋನಿನ ಚಿಕ್ಕ ಪರದೆಯಲ್ಲಿ ನಾನು ಇಷ್ಟೇ ನೋಡಿದ್ದೆ. ಇದರಲ್ಲಿ ಅಳಿಸುವಂಥದ್ದು ಏನಿದೆ ಅಂತ ನಿಧಿ ದೊಡ್ಡದು ಮಾಡುತ್ತಾ ಹೋದಳು. ಮಿಷನ್ನಿನ ಕೈ ಮೇಲೆ ಕೆಂಪಗೆ ಏನೋ ಇತ್ತು. ಇನ್ನೂ ದೊಡ್ಡದು ಮಾಡಿದಳು.

ಎರಡೇ ಅಕ್ಷರ. ಅವಳ ಹೆಸರು.

 ಅವಳು ಮೌಸ್ ಬಿಟ್ಟು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಅಕ್ಟೋಬರ್ 14, ಸೋಮವಾರ

ರಾತ್ರಿಯಿಡೀ ಮಳೆ. ಬೆಳಿಗ್ಗೆ 19 ಸೆಕೆಂಡು.

ಲಕ್ಕಯ್ಯನವರನ್ನು ಕೇಳಿದೆ. ಗುಂಡಿ ತೋಡುವುದು ಯಾರ ಮಿಷನ್ನು ಅಂತ ಗೊತ್ತಿತ್ತಾ?

ಕ್ಯಾನಿನ ನೀರು ಚೆಲ್ಲಿ, ಬೋರಲು ಹಾಕಿ, ಅದರ ಮೇಲೆ ಕೂತರು.

"ಊರ್ಗೆಲ್ಲ ಗೊತ್ತು ತಾಯಿ."

"ನನಗೆ ಯಾಕೆ ಹೇಳಲಿಲ್ಲ?"

"ಏಳಾಕಾಯ್ತದಾ. ನಿಮ್ ಮನೇದು. ನೀವೇ ಬಂದು ಅಳ್ತೆ ಬರ್ಕತಿದ್ರಿ. ಗೊತ್ತಿದ್ದೂ ಬರೀತಾವ್ರೋ, ಗೊತ್ತಿಲ್ದೆ ಬರೀತಾವ್ರೋ ಅಂತ ನಂಗೂ ತಿಳೀನಿಲ್ಲ. ಕ್ಯಾನ್ ಇಡ್ದೆ."

ಸೋಮವಾರ ಸೋಮವಾರ ನಾನು ಆ ಬೀದಿಯಲ್ಲಿ ನಡೆದು ಬರುವಾಗ ಜಗುಲಿ ಮೇಲಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಗೌರವಕ್ಕೆ ಅಂದುಕೊಂಡಿದ್ದೆ.

ಅಕ್ಟೋಬರ್ 15, ಮಂಗಳವಾರ. ಸಂಜೆ

ಹೇಳಿದೆ. ಫೋಟೋ ಸ್ಕ್ರೀನಿನ ಮೇಲೆ ಇಟ್ಟು, ಕುರ್ಚಿ ಎಳೆದು ಕೂರಿಸಿದೆ. ನಿಧಿ ಬಾಗಿಲಲ್ಲಿ ನಿಂತಿದ್ದಳು.

ಇವರು ಬೈಯಲಿಲ್ಲ, ಕೂಗಲಿಲ್ಲ. ಬಹಳ ಹೊತ್ತು ಫೋಟೋ ನೋಡಿದರು.

"ಅರಕಲಗೂಡಿನ ಕೆಲ್ಸ ಜುಲೈನಲ್ಲೇ ನಿಂತೋಯ್ತು. ಈ ಕೀರ್ತಿರಾಜ ಕರ್ದ. ಏರಿಯಿಂದ ದೂರ ತೋಡು ಅಂದ ಮೊದ್ಲು. ಆಮ್ಯಾಕೆ ದಿನಾ ಒಸಿ ಒಸಿ ಇತ್ತಾಗ್ ಬಾ, ಇತ್ತಾಗ್ ಬಾ ಅಂದ. ಏರಿ ತಾವ ಮಣ್ಣು ಚೆನ್ನಾಗದೆ ಅಂತ."

"ನೀವು ಬರಲ್ಲ ಅನ್ನಬೇಕಿತ್ತು."

"ಅಂದೆ. ಇಲ್ಲಿಗಂಟ ತೋಡಿದೀಯ, ಅದ್ರಲ್ಲಿ ನೀನೂ ಇದೀಯ ಅಂದ."

"ಕಂಪ್ಯೂಟರು?"

"ನಿನ್ ಫೋಟೋದಲ್ಲಿ ಎಸ್ರು ಕಾಣ್ತು. ಸೇವ್ ಆಗ್ದಿದ್ರೆ ಕೆಟ್ಟೋಯ್ತು ಅನ್ಕಂಡು ಬುಟ್ಬುಡ್ತೀಯ ಅನ್ಕಂಡೆ." ಸ್ಕ್ರೀನಿಗೆ ಬೆನ್ನು ತಿರುಗಿಸಿದರು. "ನೀ ಬುಡ್ನಿಲ್ಲ."

ಅತ್ತೆ ಒಳಗಿನಿಂದಲೇ, "ಇನ್ನಾದ್ರೂ ಅಳ್ಸ್ಬುಡಿ ಅದ್ನ," ಅಂದರು. ಯಾರಿಗೆ ಹೇಳಿದರೋ. ಯಾರೂ ಎದ್ದು ಮೌಸ್ ಮುಟ್ಟಲಿಲ್ಲ.

ಅಕ್ಟೋಬರ್ 17, ಗುರುವಾರ

ಹಳ್ಳಿಮೈಸೂರಿನಲ್ಲಿ ಪ್ರಿಂಟ್ ತೆಗೆಸಿ, ಹನ್ನೊಂದರ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋದೆ. ಜೂನಿನಿಂದ ಹತ್ತೊಂಬತ್ತು ಅಳತೆ. ಇಪ್ಪತ್ತೆರಡು ಫೋಟೋ.

ಆ ಮೂರು ಫೋಟೋ ಇಡಲಿಲ್ಲ.

ಇಂಜಿನಿಯರ್ ಶೀಟಿನ ಮೇಲೆ ಬೆರಳಿಟ್ಟು ಕೆಳಗೆ ಕೆಳಗೆ ಬಂದರು. 70, 66, 58... ಕೊನೆಯ ಸಾಲಿಗೆ ಬಂದಾಗ ಎದ್ದು ನಿಂತರು. ನನ್ನೆದುರೇ ನಾಲ್ಕು ಫೋನ್ ಮಾಡಿದರು. ತೂಬು ಪೂರ್ತಿ ಎತ್ತಿ ನೀರು ಬಿಡಬೇಕು, ಬೀದಿ ಖಾಲಿ ಮಾಡಿಸಬೇಕು, ಗುಂಡಿಗೆ ಮಣ್ಣಿನ ಮೂಟೆ ಹಾಕಬೇಕು.

"ಮೇಡಂ, ಇದನ್ನ ಸೆಪ್ಟೆಂಬರಲ್ಲೇ ಕೊಟ್ಟಿದ್ರೆ ಇಷ್ಟೊತ್ತಿಗೆ ಕೆರೆ ಅರ್ಧ ಇಳಿಸಿಬಿಡ್ತಿದ್ದೆ. ಎಲ್ಲ ಇದೆ ಅಂದಿದ್ರಿ."

"ಸೇವ್ ಆಗ್ತಿರಲಿಲ್ಲ ಸಾರ್."

ನನ್ನ ಮುಖ ನೋಡಿದರು. "ಮಿಷನ್ ಯಾರದು?"

"ಗೊತ್ತಿಲ್ಲ ಸಾರ್."

ಎಷ್ಟು ಸಲೀಸಾಗಿ ಬಂತು ಆ ಮಾತು. ವಾಪಸ್ಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಮಳೆ ನೀರು ತೊಡೆ ಮೇಲೆ ಬೀಳುತ್ತಿತ್ತು, ಕಿಟಕಿ ಎಳೆದುಕೊಳ್ಳಲಿಲ್ಲ.

ಅಕ್ಟೋಬರ್ 19, ಶನಿವಾರ. ಸಂಜೆ 5

ಬೀದಿಯವರನ್ನೆಲ್ಲ ಶಾಲೆಗೆ ತಂದಾಯಿತು. ನಾನೂ ನಿಧಿಯೂ ಮನೆ ಮನೆಗೆ ಹೋದೆವು. ಕೆಲವರು ನಮ್ಮ ಮುಖ ನೋಡದೆ ಗಂಟು ಕಟ್ಟಿದರು. ಒಬ್ಬ ಅಜ್ಜಿ ಕೋಳಿ ಬಿಟ್ಟು ಬರುವುದಿಲ್ಲ ಅಂತ ಹಟ ಮಾಡಿದಳು, ನಿಧಿ ಕೋಳಿ ಎತ್ತಿಕೊಂಡಳು.

ತೂಬು ಅರ್ಧವೇ ಏಳುತ್ತಿದೆ, ತುಕ್ಕು. ಲಕ್ಕಯ್ಯ ನಿನ್ನೆಯಿಂದ ಅದರ ಹತ್ತಿರವೇ ಇದ್ದಾರೆ. ಕೀರ್ತಿರಾಜನ ಆಳುಗಳು, ಟಿಪ್ಪರುಗಳು, ಕಾವಲಿನವನು — ಒಬ್ಬರೂ ಇಲ್ಲ. ಫೋನ್ ಸ್ವಿಚ್ ಆಫ್. ಇವರು ಮಾತ್ರ ಮಿಷನ್ ತಂದು ಗುಂಡಿ ಮುಚ್ಚುತ್ತಿದ್ದಾರೆ. ಡ್ರೈವರ್ ಬರಲಿಲ್ಲವಂತೆ, ತಾವೇ ಓಡಿಸುತ್ತಿದ್ದಾರೆ. ಸಂಜೆ ಮೇಲೆ ಯಾರೂ ಏರಿ ಕೆಳಗೆ ಇರಬಾರದು ಅಂತ ಇಂಜಿನಿಯರ್ ಹೇಳಿ ಹೋಗಿದ್ದಾರೆ.

ಮಧ್ಯಾಹ್ನ ಪೈಪಿನ ಹತ್ತಿರ ಹೋಗಿದ್ದೆ. ಕ್ಯಾನು ಇಡಲಿಲ್ಲ. ಇಡುವ ಅವಶ್ಯಕತೆ ಇರಲಿಲ್ಲ. ನೀರು ಬಗ್ಗಡ.

ಅಕ್ಟೋಬರ್ 20, ಭಾನುವಾರ. ಬೆಳಿಗ್ಗೆ 11, ಶಾಲೆಯಲ್ಲಿ

ಬೆಳಿಗ್ಗೆ 6.10ಕ್ಕೆ ಏರಿ ಒಡೆಯಿತು. ಲಾರಿಯಿಂದ ಕಲ್ಲು ಸುರಿದ ಹಾಗೆ ಸದ್ದು. ಆಮೇಲೆ ಸದ್ದು ನಿಲ್ಲಲೇ ಇಲ್ಲ.

ಹದಿನಾಲ್ಕರಲ್ಲಿ ಹನ್ನೊಂದು ಮನೆ ಹೋಗಿವೆ. ಜನ ಎಲ್ಲ ಶಾಲೆಯಲ್ಲಿದ್ದರು. ಎರಡು ಸಲ ಎಣಿಸಿದೆ.

ಇವರು ಬೆಳಕು ಹರಿಯುವ ಮೊದಲೇ ಮತ್ತೆ ಹೋಗಿದ್ದರು, ಯಾರಿಗೂ ಹೇಳದೆ. ತೂಬಿನ ಮೇಲಿಂದ ಲಕ್ಕಯ್ಯ, "ಓಡು ಕಾಂತಣ್ಣ, ಬುಟ್ಟು ಓಡು," ಅಂತ ಕೂಗಿದರಂತೆ. ಇವರು ಹಾರಿ ಓಡಿದರು. ತಿರುಗಿ ನೋಡಿದಾಗ ಮಿಷನ್ನೂ ಇರಲಿಲ್ಲ, ತೂಬೂ ಇರಲಿಲ್ಲ.

ಇವರು ಬಂದು ನೆಲದ ಮೇಲೆ ಕೂತಿದ್ದಾರೆ. ಕೆಸರು ಒಣಗುತ್ತಿದೆ. ಲಕ್ಕಯ್ಯನವರ ಹೆಂಡತಿ ಪುಟ್ಟತಾಯಮ್ಮ ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳುತ್ತಿದ್ದಾರೆ. ಇವರ ಹತ್ತಿರಕ್ಕೂ ಬರುತ್ತಾರೆ ಈಗ.

ಅಕ್ಟೋಬರ್ 25, ಶುಕ್ರವಾರ

ಲಕ್ಕಯ್ಯ ಮಂಗಳವಾರ ಸಿಕ್ಕರು. ಎರಡು ಮೈಲಿ ಕೆಳಗೆ, ಭತ್ತದ ಗದ್ದೆಯಲ್ಲಿ.

ಇವತ್ತು ಪುಟ್ಟತಾಯಮ್ಮನ ಹತ್ತಿರ ಹೋಗಿದ್ದೆ. ಇನ್ನೂ ಶಾಲೆಯಲ್ಲೇ ಇದ್ದಾರೆ, ಐದನೇ ಕ್ಲಾಸಿನ ಕೋಣೆ. ಅಳಲಿಲ್ಲ.

"ನೀವ್ ಬರ್ಕತಿದ್ರಲ್ಲ ತಾಯಿ. ಅದ್ನ ಓದೇಳಿ."

ಶೀಟು ಬ್ಯಾಗಿನಲ್ಲೇ ಇತ್ತು. ತಾರೀಖು, ಸೆಕೆಂಡು, ನೀರಿನ ಬಣ್ಣ, ಹಾಜರಿದ್ದವರು. ಹಾಜರಿದ್ದವರು ಅನ್ನುವ ಕಡೆ ಪ್ರತಿ ಸಾಲಿನಲ್ಲೂ ಲಕ್ಕಯ್ಯ ಅಂತಿತ್ತು. ಹತ್ತೊಂಬತ್ತು ಸಲ ಓದಿದೆ. ಪ್ರತಿ ಸಲವೂ ಅವರು ಹ್ಞೂಂ ಅಂದರು.

"ಎಲ್ಲ ಬರ್ದಿದೀರಾ? ಏನೂ ಬುಟ್ಟಿಲ್ವಾ?"

ಶೀಟು ಮಡಿಸಿ ಬ್ಯಾಗಿನಲ್ಲಿಟ್ಟೆ.

ಸೋಮವಾರ ಹೊಳೆನರಸೀಪುರದಲ್ಲಿ ವಿಚಾರಣೆ. ನೋಟಿಸು ಬಂದಿದೆ. ಎಲ್ಲ ದಾಖಲೆ, ಫೋಟೋ ತರಬೇಕು. ಮಣ್ಣು ತೆಗೆದವರು ಯಾರು ಅಂತ ಗೊತ್ತಿದ್ದರೆ ಹೇಳಬೇಕು. ಮಿಷನ್ ಇನ್ನೂ ಸಿಕ್ಕಿಲ್ಲ, ಹೂಳಿನಡಿ ಎಲ್ಲೋ ಇದೆ. ಊರಿಗೆಲ್ಲ ಗೊತ್ತು, ಹೇಳುವವರಿಲ್ಲ. ಆ ಮೂರು ಫೋಟೋ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಅಕ್ಟೋಬರ್ 28, ಸೋಮವಾರ. ಬೆಳಿಗ್ಗೆ 9.15

ಎಲ್ಲ ಪೆನ್‌ಡ್ರೈವಿಗೆ ಹಾಕಿದೆ. ಇಪ್ಪತ್ತೈದು ಫೋಟೋ. ಇವರು ಹಿಂದೆ ನಿಂತು ನೋಡುತ್ತಿದ್ದರು.  ಆಮೇಲೆ ಹೋಗಿ ಸ್ನಾನ ಮಾಡಿ ಬಿಳಿ ಷರ್ಟು ಹಾಕಿಕೊಂಡು ಬಂದರು.

"ನಾನೂ ಬತ್ತೀನಿ."

"ಎಲ್ಲಿಗೆ?"

"ಮಿಷನ್ ನಂದು ಅಂತ ನಾನೇ ಏಳ್ತೀನಿ. ಕರ್ದೋನ್ಯಾರು, ಎಲ್ಲಿಗಂಟ ತೋಡು ಅಂದ, ಅದ್ನೂ ಏಳ್ತೀನಿ. ನಿನ್ ಬಾಯಲ್ಲಿ ಬರಾದ್ ಬ್ಯಾಡ." ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಕೈ ನಿಂತಿತು. "ಆ ಮನ್ಸ ನಂಗೆ ಓಡು ಅಂದ ಕಣೆ. ನಾನು ಅವ್ನಿಗೆ ಅನ್ನಿಲ್ಲ."

ಒಂಬತ್ತೂ ಮುಕ್ಕಾಲಿಗೆ ಬಸ್ಸು. ಅತ್ತೆ ದೇವರ ಮುಂದೆ ಕೂತಿದ್ದಾರೆ. ನಿಧಿ ಹಾಸ್ಟೆಲಿಗೆ ಹೋಗಿ ವಾರವಾಯಿತು. ಈಗ ಫೋನ್ ಮಾಡಿದೆ, ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಕ್ಲಾಸಿನಲ್ಲಿರಬಹುದು.

9.26. ಮನೆ ಮುಂದೆ ಕಾರು ನಿಂತಿತು. ಕೀರ್ತಿರಾಜ್. ಒಂಬತ್ತು ದಿನದಿಂದ ಎಲ್ಲಿದ್ದನೋ. ಹಿಂದೆ ಇನ್ನೊಂದು ಕಾರು. ನಾಲ್ಕು ಜನ ಇಳಿದರು, ಈ ಊರಿನವರಲ್ಲ. ಇವರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಹಿತ್ತಲಿಂದ ಹೋಗಿ ಬಸ್ಸು ಹತ್ತು ಅಂದರು ಅಷ್ಟೆ. ಹೋಗುತ್ತೇನೆ. ಕಿಟಕಿಯಿಂದ ಕಾಣುವುದನ್ನು ಬರೆದಿಟ್ಟು ಹೋಗುತ್ತೇನೆ. ಮೊದಲು ಕೀರ್ತಿರಾಜನ ದನಿ ಕೇಳುತ್ತಿತ್ತು, ಈಗ ಇಬ್ಬರದೂ ಕೇಳುತ್ತಿಲ್ಲ. ಎರಡನೇ ಕಾರು ಬಿಳಿ. ನಂಬರು ಕೆಎ 13 ಎಂ